ಸಿಡಿಲಿಗೆ ಹೋದ ಮದರ್‌ಬೋರ್ಡು: ಬದಲಾಯಿಸುವುದು, ಡ್ರೈವರ್ ಹಾಕುವುದು

ಕಾಸರಗೋಡಿನ ಕಡೆ ಮದರ್‌ಬೋರ್ಡು ಹೋಗುವುದಕ್ಕೆ ವರ್ಷಕ್ಕೆ ಎರಡು ಕಾಲ. ಮುಂಗಾರು ಹಿಡಿಯುವ ಮೊದಲಿನ ಏಪ್ರಿಲ್–ಮೇ ತಿಂಗಳ ಸಂಜೆಗಳು ಒಂದು, ಅಕ್ಟೋಬರ್–ನವೆಂಬರಿನ ತುಲಾಮಾಸದ ಮಳೆ ಇನ್ನೊಂದು. ಎರಡರಲ್ಲೂ ಮಳೆಗಿಂತ ಸಿಡಿಲೇ ಜೋರು. ‘ಪ್ಲಗ್ ಕಿತ್ತೇ ಇಟ್ಟಿದ್ದೆವು, ಆದರೂ ಹೋಯಿತು’ ಎನ್ನುವ ಮನೆಯಲ್ಲಿ ಬಗ್ಗಿ ನೋಡಿದರೆ, ಮೋಡೆಮ್ಮಿನಿಂದ ಬಂದ ಲ್ಯಾನ್ ಕೇಬಲ್ ಕಂಪ್ಯೂಟರಿನ ಹಿಂದೆ ಹಾಗೆಯೇ ಸಿಕ್ಕಿಸಿಕೊಂಡಿರುತ್ತದೆ. ಸಿಡಿಲಿನ ಪೆಟ್ಟು ಮೋಡೆಮ್ಮಿನ ಅಡಾಪ್ಟರ್ ಹಿಡಿದು ಬಂದು, ಆ ನಾಲ್ಕು ಜೊತೆ ತಾಮ್ರದ ತಂತಿಯಲ್ಲಿ ಹರಿದು ಬೋರ್ಡಿಗೆ ತಲುಪಿರುತ್ತದೆ. ಫೈಬರ್ ಸಂಪರ್ಕವಾದರೆ ಭಯವಿಲ್ಲ ಎನ್ನುವಂತಿಲ್ಲ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ಎಂಬುದು ನಿಜ. ಆದರೆ ಗೋಡೆಯ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಬರುವುದು ಅದೇ ತಾಮ್ರ.

ಇಲ್ಲಿ ಹೇಳುವುದೆಲ್ಲ ಡೆಸ್ಕ್‌ಟಾಪ್ ಬಗ್ಗೆ. ಲ್ಯಾಪ್‌ಟಾಪಿನ ಬೋರ್ಡು ಮಾಡೆಲಿಗೊಂದು ಆಕಾರ. ಅದರ ದಾರಿ ಬೇರೆ.

ಬೋರ್ಡೇ ಹೋಗಿದೆಯೇ?

ಬೋರ್ಡಿನ ಮೇಲೆ ದೂರು ಹೊರಿಸುವುದು ಕೊನೆಗೆ ಇರಲಿ. ಗುಂಡಿ ಒತ್ತಿದಾಗ ಫ್ಯಾನ್ ಕೂಡ ಅಲುಗದಿದ್ದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸುವ ಡಬ್ಬಿಯ ಮೇಲೆ. ಪ್ಲಗ್ ಕಿತ್ತು, ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರ್ ಬಿಡಿಸಿ. ಅದರಲ್ಲಿ ಹಸಿರು ತಂತಿ ಒಂದೇ ಇರುತ್ತದೆ. ಆ ಹಸಿರನ್ನೂ ಯಾವುದಾದರೂ ಒಂದು ಕಪ್ಪು ತಂತಿಯನ್ನೂ ಬಗ್ಗಿಸಿದ ಪೇಪರ್ ಕ್ಲಿಪ್ಪಿನಿಂದ ಜೋಡಿಸಿ, ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿ. ಎಸ್‌ಎಂಪಿಎಸ್ಸಿನ ಫ್ಯಾನ್ ತಿರುಗಬೇಕು. ತಿರುಗಿತು ಎಂದ ಮಾತ್ರಕ್ಕೆ ಅದು ಸರಿಯಿದೆ ಎಂದಲ್ಲ. ಮಲ್ಟಿಮೀಟರಿನ ಡಿಸಿ 20 ವೋಲ್ಟ್ ಸಾಲಿನಲ್ಲಿ ಅಳೆಯಿರಿ. ಕಪ್ಪಿಗೂ ಹಳದಿಗೂ ನಡುವೆ 11.4ರಿಂದ 12.6, ಕೆಂಪಿಗೆ 4.75ರಿಂದ 5.25, ಕಿತ್ತಳೆಗೆ 3.14ರಿಂದ 3.47 ವೋಲ್ಟ್ ಬರಬೇಕು. ನೇರಳೆ ತಂತಿಯನ್ನು ಮರೆಯಬೇಡಿ. ಕ್ಲಿಪ್ ಇಲ್ಲದೆಯೂ, ಪ್ಲಗ್ ಹಾಕಿದ ಕೂಡಲೇ ಅದರಲ್ಲಿ 5 ವೋಲ್ಟ್ ಇರಬೇಕು. ಅದಿಲ್ಲದಿದ್ದರೆ ಗುಂಡಿ ಒತ್ತಿದ್ದು ಬೋರ್ಡಿಗೆ ಗೊತ್ತೇ ಆಗುವುದಿಲ್ಲ. ಎಲ್ಲ ತಂತಿಗಳೂ ಕಪ್ಪಾಗಿರುವ ಎಸ್‌ಎಂಪಿಎಸ್ ಆದರೆ ಅಂದಾಜಿಗೆ ಚುಚ್ಚಬೇಡಿ, ಅಂಗಡಿಯಲ್ಲಿ ಟೆಸ್ಟರಿಗೆ ಹಾಕಿಸಿ. ಎಸ್‌ಎಂಪಿಎಸ್ಸಿನ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಡಿಸಿ ಪ್ಲಗ್ ಕಿತ್ತ ಮೇಲೂ ನಿಂತಿರಬಹುದು.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ — ಇದು ಮಳೆಗಾಲದ ದೂರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಕಂಪ್ಯೂಟರಿನ ರ‍್ಯಾಮ್ ತೆಗೆದು ನೋಡಿದರೆ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿರುತ್ತವೆ. ಉಪ್ಪಳ, ಕುಂಬಳೆಯಂಥ ಕಡಲ ಕರೆಯ ಊರುಗಳಲ್ಲಿ ಉಪ್ಪು ಗಾಳಿಯೂ ಸೇರಿ ಇದು ಬೇಗ ಆಗುತ್ತದೆ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಂದೇ ರ‍್ಯಾಮ್ ಹಾಕಿ ನೋಡಿ. ಆಗಲಿಲ್ಲವೋ, ಇನ್ನೊಂದು ಸ್ಲಾಟಿಗೆ ಹಾಕಿ. ಬೋರ್ಡಿನ ಮೇಲಿರುವ ರೂಪಾಯಿ ಗಾತ್ರದ ಬ್ಯಾಟರಿ, ಅಂದರೆ ಸಿಆರ್2032, ತೆಗೆದು ಐದು ನಿಮಿಷ ಬಿಟ್ಟು ಹಾಕಿ. ‘ಬೋರ್ಡು ಹೋಗಿದೆ’ ಎಂದು ತೀರ್ಮಾನವಾದ ಎಷ್ಟೋ ಯಂತ್ರಗಳು ಇಲ್ಲಿಗೇ ಎದ್ದು ಕೂರುತ್ತವೆ.

ಏಳದಿದ್ದರೆ ಒಂದು ಸಣ್ಣ ಪರೀಕ್ಷೆ. ಬೋರ್ಡಿಗೆ ಸಿಕ್ಕಿಸುವ ಪುಟ್ಟ ಬಝರ್ ಸಿಗುತ್ತದೆ. ಈಗಿನ ಹಲವು ಕ್ಯಾಬಿನೆಟ್ಟುಗಳಲ್ಲಿ ಅದು ಇರುವುದಿಲ್ಲ. ಅದನ್ನು ಸ್ಪೀಕರ್ ಪಿನ್ನುಗಳಿಗೆ ಹಾಕಿ, ರ‍್ಯಾಮನ್ನೆಲ್ಲ ತೆಗೆದು ಚಾಲೂ ಮಾಡಿ. ಬಝರ್ ಕೂಗಿಕೊಂಡರೆ ಒಳ್ಳೆಯ ಸುದ್ದಿ: ಪ್ರೊಸೆಸರ್ ಓಡುತ್ತಿದೆ, ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನೊಳಗಿನ ಮೊದಲ ಪ್ರೋಗ್ರಾಂ) ಓದಿಸಿಕೊಳ್ಳುತ್ತಿದೆ, ರ‍್ಯಾಮ್ ಕಾಣುತ್ತಿಲ್ಲ ಎಂದು ಅದೇ ಹೇಳುತ್ತಿದೆ. ಆಗ ತಪ್ಪು ರ‍್ಯಾಮಿನದೋ ಸ್ಲಾಟಿನದೋ ಇರಬೇಕು. ರ‍್ಯಾಮ್ ಇಲ್ಲದೆಯೂ ಮೌನವಾಗಿದ್ದರೆ, ಪ್ರೊಸೆಸರಿಗೆ ಹೋಗುವ 4 ಅಥವಾ 8 ಪಿನ್ನಿನ ಕರೆಂಟಿನ ಕನೆಕ್ಟರ್ ಸರಿಯಾಗಿ ಕೂತಿದೆಯೇ ನೋಡಿ. ಅದೂ ಸರಿಯಿದ್ದರೆ ಬೋರ್ಡಿನ ಮೇಲಿನ ಅನುಮಾನ ಗಟ್ಟಿ. ಪ್ರೊಸೆಸರಿನ ಸುತ್ತ ನಿಂತ ಸಣ್ಣ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಕಲೆ ಇಳಿದಿದ್ದರೆ ಅನುಮಾನವೇ ಬೇಡ. ಒಳಗೆ ಹಲ್ಲಿ ಸತ್ತು ಬಿದ್ದಿದ್ದರೆ, ಇರುವೆ ಗೂಡು ಕಟ್ಟಿದ್ದರೆ ಅದನ್ನು ತೆಗೆದು ಒರೆಸಿ ಒಣಗಿಸಿ ಇನ್ನೊಮ್ಮೆ ನೋಡುವುದು ನ್ಯಾಯ.

ಇಲ್ಲೊಂದು ಖರ್ಚು ಉಳಿಸುವ ಮಾತು. ಸಿಡಿಲಿನ ಮರುದಿನ ಎಲ್ಲವೂ ನಡೆಯುತ್ತದೆ, ಲ್ಯಾನ್ ಮಾತ್ರ ಇಲ್ಲ ಎಂದಾದರೆ ಬೋರ್ಡು ಬದಲಾಯಿಸಬೇಡಿ. ಲ್ಯಾನ್ ಚಿಪ್ಪನ್ನು ಬಯೋಸಿನಲ್ಲಿ ಡಿಸೇಬಲ್ ಮಾಡಿ, ಒಂದು ಪಿಸಿಐ ಎಕ್ಸ್‌ಪ್ರೆಸ್ ಲ್ಯಾನ್ ಕಾರ್ಡು ಅಥವಾ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿ. ಆದರೆ ಆ ಚಿಪ್ಪು ಬೆರಳು ಇಡಲಾಗದಷ್ಟು ಬಿಸಿಯಾಗುತ್ತಿದ್ದರೆ ಬೋರ್ಡು ಹೆಚ್ಚು ದಿನ ಬರುವುದಿಲ್ಲ. ಫೈಲುಗಳನ್ನು ಈಗಲೇ ಇನ್ನೊಂದು ಡಿಸ್ಕಿಗೆ ಹಾಕಿಕೊಳ್ಳಿ.

ಯಾವ ಬೋರ್ಡು ತರಬೇಕು

ಪ್ರೊಸೆಸರ್ ಉಳಿದಿದೆ ಎಂದುಕೊಳ್ಳೋಣ. ಆಗ ಬೋರ್ಡನ್ನು ಆರಿಸುವುದು ಸಾಕೆಟ್ಟು, ಅಂದರೆ ಪ್ರೊಸೆಸರ್ ಕೂರುವ ಚೌಕ. ಇಂಟೆಲ್‌ನ 2 ಮತ್ತು 3ನೇ ತಲೆಮಾರಿನ ಕೋರ್ ಪ್ರೊಸೆಸರುಗಳಿಗೆ ಎಲ್‌ಜಿಎ 1155, 4ನೆಯದಕ್ಕೆ 1150, 6ರಿಂದ 9ರವರೆಗೆ 1151, 10 ಮತ್ತು 11ಕ್ಕೆ 1200, 12ರಿಂದ 14ಕ್ಕೆ 1700. ಹೆಚ್ಚಿನವರು ಮುಗ್ಗರಿಸುವುದು 1151ರಲ್ಲಿ. 6 ಮತ್ತು 7ನೇ ತಲೆಮಾರಿಗೆ ಎಚ್110, ಬಿ250ಯಂಥ 100 ಮತ್ತು 200 ಸರಣಿಯ ಬೋರ್ಡು. 8 ಮತ್ತು 9ಕ್ಕೆ ಎಚ್310ರಂಥ 300 ಸರಣಿ. ಪ್ರೊಸೆಸರ್ ಸಾಕೆಟ್ಟಿನಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಅದಲುಬದಲು ಮಾಡಿದರೆ ನಡೆಯುವುದಿಲ್ಲ. ಹಾಗೆಯೇ ಎಚ್410 ಬೋರ್ಡಿನಲ್ಲಿ 10ನೆಯದು ನಡೆಯುತ್ತದೆ, 11ನೆಯದು ಸಾಮಾನ್ಯವಾಗಿ ಇಲ್ಲ. ಎಎಂಡಿಯ ರೈಜೆನ್ ಆದರೆ 5000 ಸರಣಿಯವರೆಗೆ ಎಎಂ4, 7000ದಿಂದ ಎಎಂ5.

ಸಾಕೆಟ್ಟು ಹೊಂದಿದರೆ ಸಾಲದು, ಬೋರ್ಡಿನೊಳಗಿನ ಬಯೋಸ್‌ಗೂ ನಿಮ್ಮ ಪ್ರೊಸೆಸರಿನ ಪರಿಚಯ ಇರಬೇಕು. ಎಚ್610 ಬೋರ್ಡಿಗೆ 14ನೇ ತಲೆಮಾರು, ಬಿ450ಗೆ ರೈಜೆನ್ 5000 — ಇಂಥ ಜೋಡಿಗಳಿಗೆ ಹೊಸ ಬಯೋಸ್ ಬೇಕು. ಬೋರ್ಡಿನ ಕಂಪನಿಯ ಸೈಟಿನಲ್ಲಿ ಮಾಡೆಲಿನ ಪುಟದಲ್ಲೇ ಸಿಪಿಯು ಸಪೋರ್ಟ್ ಪಟ್ಟಿ ಇರುತ್ತದೆ, ಪ್ರೊಸೆಸರಿನ ಎದುರು ಯಾವ ಬಯೋಸ್ ಆವೃತ್ತಿಯಿಂದ ಎಂದು ಬರೆದಿರುತ್ತದೆ. ಮಂಗಳೂರಿನಿಂದ ತರಿಸುವುದಿದ್ದರೆ ಫೋನಿನಲ್ಲೇ ಪ್ರೊಸೆಸರಿನ ಪೂರ್ತಿ ಹೆಸರು ಹೇಳಿ, ಬಯೋಸ್ ಅಪ್‌ಡೇಟ್ ಮಾಡಿ ಕೊಡಲು ಹೇಳಿ. ಐವತ್ತು ಕಿಲೋಮೀಟರ್ ಮತ್ತೆ ಹೋಗಿ ಬರುವ ಕೆಲಸ ತಪ್ಪುತ್ತದೆ.

ರ‍್ಯಾಮಿನದು ಸುಲಭ. ಡಿಡಿಆರ್3, 4, 5 — ಮೂರರ ಕಚ್ಚು ಮೂರು ಜಾಗದಲ್ಲಿ, ಒಂದರ ಸ್ಲಾಟಿಗೆ ಇನ್ನೊಂದು ಹೋಗುವುದಿಲ್ಲ. ಆದರೆ 1700 ಸಾಕೆಟ್ಟಿನ ಬೋರ್ಡುಗಳು ಡಿಡಿಆರ್4ರಲ್ಲೂ ಡಿಡಿಆರ್5ರಲ್ಲೂ ಬರುತ್ತವೆ, ಹೆಸರುಗಳು ಒಂದೇ ತರ ಇರುತ್ತವೆ. ಪೆಟ್ಟಿಗೆಯ ಮೇಲಿನ ಅಕ್ಷರ ಓದಿ ಹಣ ಕೊಡಿ. ಎಂ.2 ಎಸ್‌ಎಸ್‌ಡಿ ಇದ್ದರೆ ಬೋರ್ಡಿನ ಆ ಸ್ಲಾಟು ಎನ್‌ವಿಎಂಇ ತೆಗೆದುಕೊಳ್ಳುತ್ತದೆಯೇ, ಸಾಟಾ ಮಾತ್ರವೇ ಎಂದು ಕೇಳಿ. ಎರಡೂ ಎಸ್‌ಎಸ್‌ಡಿಯ ಬೇರೆ ಬೇರೆ ಬಗೆಗಳು.

ಅಳತೆ: ಎಟಿಎಕ್ಸ್ 305×244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಅಂಗಡಿಯಲ್ಲಿ ಜೋಡಿಸಿದ ಕ್ಯಾಬಿನೆಟ್ಟಿಗೆ ಮೈಕ್ರೋ ಎಟಿಎಕ್ಸ್ ಹಾಕಿದರೆ ಆಯಿತು. ಕಚೇರಿಗಳು ಹರಾಜಿನಲ್ಲಿ ಮಾರಿದ, ಕಂಪನಿಯ ಹೆಸರಿನದೇ ಆದ ಸಪೂರ ಡೆಸ್ಕ್‌ಟಾಪ್ ಇದ್ದರೆ ಜಾಗ್ರತೆ. ಅವುಗಳಲ್ಲಿ ಹಲವಕ್ಕೆ 24 ಪಿನ್ನಿನ ಕನೆಕ್ಟರೇ ಇರುವುದಿಲ್ಲ, 6 ಅಥವಾ 8 ಪಿನ್ನಿನದಿರುತ್ತದೆ. ಮುಂದಿನ ಗುಂಡಿಯ ತಂತಿಯೂ ಅವರದೇ ಜೋಡಣೆ. ಅದಕ್ಕೆ ಅದೇ ಮಾಡೆಲಿನ ಬೋರ್ಡೇ ಬೇಕು, ಇಲ್ಲವಾದರೆ ಕ್ಯಾಬಿನೆಟ್ಟು, ಎಸ್‌ಎಂಪಿಎಸ್ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಇನ್ನೊಂದು ಲೆಕ್ಕವೂ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಬಹುಮಟ್ಟಿಗೆ 8ನೇ ತಲೆಮಾರು, ಜೊತೆಗೆ ಟಿಪಿಎಂ 2.0 (ಭದ್ರತೆಯ ಕೀಗಳನ್ನು ಇಟ್ಟುಕೊಳ್ಳುವ ಚಿಪ್ಪು) ಬೇಕು. 3 ಅಥವಾ 4ನೇ ತಲೆಮಾರಿನ ಪ್ರೊಸೆಸರಿಗೆ ಹೊಸ ಬೋರ್ಡು ಹಾಕುವುದು, ಹಳೆ ಜೀಪಿಗೆ ಹೊಸ ಪೇಂಟು ಹೊಡೆದ ಹಾಗೆ. ಮಕ್ಕಳ ಓದಿಗೆ ಲಿನಕ್ಸ್ ಹಾಕುವುದಾದರೆ ಸರಿ. ಬ್ಯಾಂಕಿನ ವ್ಯವಹಾರಕ್ಕೆ, ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಂಥ ಕಡೆಗೆ ಆದರೆ ಆ ದುಡ್ಡನ್ನು ಹೊಸ ಪ್ರೊಸೆಸರ್, ಬೋರ್ಡು, ರ‍್ಯಾಮಿನ ಸೆಟ್ಟಿಗೆ ಸೇರಿಸುವುದೇ ವಾಸಿ.

ಸ್ಕ್ರೂಗೆ ಕೈ ಹಾಕುವ ಮೊದಲು

ಹಳೆ ಬೋರ್ಡು ಕುಂಟುತ್ತಲಾದರೂ ಓಡುತ್ತಿದ್ದರೆ ಈ ಕೆಲಸಗಳನ್ನು ಅದರಲ್ಲೇ ಮುಗಿಸಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಇದೆಯೇ ನೋಡಿ; ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದಕ್ಕೆ ಬರೆದುಕೊಳ್ಳಿ, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ. ಬೋರ್ಡು ಬದಲಾದ ಕೂಡಲೇ ಟಿಪಿಎಂ ಬದಲಾಗುತ್ತದೆ, ಡಿಸ್ಕು ಆ ಕೀ ಕೇಳುತ್ತದೆ, ಕೀ ಇಲ್ಲದಿದ್ದರೆ ಫೈಲುಗಳ ಆಸೆ ಬಿಡಬೇಕು. ಅದೇ ಕಾರಣಕ್ಕೆ ನಾಲ್ಕಂಕಿಯ ಪಿನ್ ಕೂಡ ಹೊಸ ಬೋರ್ಡಿನಲ್ಲಿ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ಈಗಲೇ ಖಾತ್ರಿ ಮಾಡಿಕೊಳ್ಳಿ. ವಿಂಡೋಸ್ ಲೈಸೆನ್ಸನ್ನು ಆ ಖಾತೆಗೆ ಜೋಡಿಸಿಡಿ. ಅಂಗಡಿಯಿಂದ ಬಿಡಿಯಾಗಿ ಕೊಂಡ ರೀಟೇಲ್ ಲೈಸೆನ್ಸಾದರೆ ಹೊಸ ಬೋರ್ಡಿಗೆ ಬರುತ್ತದೆ. ಯಂತ್ರದ ಜೊತೆಗೇ ಬಂದ ಒಇಎಂ ಲೈಸೆನ್ಸು ಹಳೆ ಬೋರ್ಡಿಗೆ ಕಟ್ಟಿದ್ದು, ಅದರ ಜೊತೆಗೇ ಹೋಗುತ್ತದೆ. ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಇದ್ದರೆ ಲೈಸೆನ್ಸ್ ಸರೆಂಡರ್ ಮಾಡಿ.

ಡಿಟಿಪಿ ಕೆಲಸದವರಿಗೆ ಒಂದು ಮಾತು. ವಿಂಡೋಸ್ ಮತ್ತೆ ಹಾಕಬೇಕಾಗಿ ಬಂದರೆ ಕನ್ನಡಕ್ಕೂ ಮಲಯಾಳಕ್ಕೂ ನಿರ್ಮಲಾ ಯುಐ ಫಾಂಟು ಸಿಸ್ಟಮಿನ ಜೊತೆಗೆ ಸಿಗುತ್ತದೆ; ಕನ್ನಡದ ಟುಂಗಾ, ಮಲಯಾಳದ ಕಾರ್ತಿಕಾ ಬೇಕಿದ್ದರೆ ಸೆಟ್ಟಿಂಗ್ಸಿನ ಆಪ್ಶನಲ್ ಫೀಚರ್ಸ್‌ನಿಂದ ಸೇರಿಸಿಕೊಳ್ಳಬಹುದು. ಆದರೆ ಹಳೆ ಆಹ್ವಾನ ಪತ್ರಿಕೆ, ಲೆಟರ್‌ಹೆಡ್ಡುಗಳಲ್ಲಿ ಬಳಸಿದ ನುಡಿ, ಬರಹದ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟುಗಳು, ಮಲಯಾಳದ ಹಳೆ ಫಾಂಟುಗಳು ಬರುವುದಿಲ್ಲ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವಿಗೆ ನಕಲು ಮಾಡಿ. ಇದನ್ನು ಮರೆತರೆ ಮದುವೆ ಸೀಸನ್ನಿನಲ್ಲಿ ಫೈಲು ತೆರೆದಾಗ ಇಂಗ್ಲಿಷ್ ಅಕ್ಷರಗಳ ಹರಕುಮುರುಕು ಸಾಲು ಕಾಣುತ್ತದೆ.

ಕೊನೆಗೆ, ಹೊಸ ಬೋರ್ಡಿನ ಡ್ರೈವರುಗಳು, ಅಂದರೆ ಬೋರ್ಡಿನ ಒಂದೊಂದು ಭಾಗವನ್ನೂ ವಿಂಡೋಸ್ ನಡೆಸಲು ಬೇಕಾದ ಸಣ್ಣ ಸಾಫ್ಟ್‌ವೇರುಗಳು. ಬೋರ್ಡಿನ ಪೆಟ್ಟಿಗೆಯಲ್ಲಿ ಡಿವಿಡಿ ಇರಬಹುದು, ಅದನ್ನು ಹಾಕಲು ಡ್ರೈವ್ ಇರುವುದಿಲ್ಲ. ಫೋನಿನಲ್ಲೋ ಪಕ್ಕದ ಮನೆಯ ಕಂಪ್ಯೂಟರಿನಲ್ಲೋ ಕಂಪನಿಯ ಸೈಟಿನ ಸಪೋರ್ಟ್ ಪುಟ ತೆರೆದು, ಬೋರ್ಡಿನ ಮಾಡೆಲ್ ಮತ್ತು ರಿವಿಜನ್ ಎರಡೂ ಹೊಂದಿಸಿ, ಚಿಪ್‌ಸೆಟ್, ಲ್ಯಾನ್, ವೈಫೈ, ಆಡಿಯೋ, ಗ್ರಾಫಿಕ್ಸ್, ಜೊತೆಗೆ ಸಾಟಾ ಅಥವಾ ರಾಪಿಡ್ ಸ್ಟೋರೇಜ್ ಇಳಿಸಿಕೊಳ್ಳಿ. ರಿವಿಜನ್ ಸಂಖ್ಯೆ ಬೋರ್ಡಿನ ಮೂಲೆಯಲ್ಲಿ ಸಣ್ಣ ಬಿಳಿ ಅಕ್ಷರದಲ್ಲಿರುತ್ತದೆ. ಅದು ಬೇರೆಯಾದರೆ ಲ್ಯಾನ್ ಚಿಪ್ಪೇ ಬೇರೆ ಇರಬಹುದು.

ಬಿಚ್ಚುವುದು

ಬೇಕಾದದ್ದು ಇಷ್ಟೇ: ಮ್ಯಾಗ್ನೆಟ್ ತುದಿಯ 2 ನಂಬರ್ ಸ್ಟಾರ್ ಸ್ಕ್ರೂಡ್ರೈವರ್, ಥರ್ಮಲ್ ಪೇಸ್ಟು (ಪ್ರೊಸೆಸರಿನ ಬಿಸಿಯನ್ನು ಅದರ ಮೇಲಿನ ಕೂಲರಿಗೆ ದಾಟಿಸುವುದು), ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆ ಬಿಳಿ ಹತ್ತಿ ಬಟ್ಟೆ, ಟಾರ್ಚು. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಉಳಿದ ಚಾರ್ಜು ಇಳಿಯುತ್ತದೆ. ಮಳೆಗಾಲದ ತೇವದಲ್ಲಿ ಸ್ಥಿರ ವಿದ್ಯುತ್ತಿನ ಭಯ ಕಡಿಮೆ. ಜನವರಿಯ ಒಣ ಹವೆಯಲ್ಲಿ ಪಾಲಿಯೆಸ್ಟರ್ ಬಟ್ಟೆ ಉಟ್ಟು ಕೂರಬೇಡಿ. ಯಾವ ಕಾಲವಾದರೂ ಬೋರ್ಡು ಮುಟ್ಟುವ ಮೊದಲು ಬಣ್ಣವಿಲ್ಲದ ಲೋಹದ ಭಾಗವೊಂದನ್ನು ಮುಟ್ಟಿ.

ಮೊದಲು ಎಲ್ಲ ತಂತಿಗಳ ಫೋಟೋ ತೆಗೆಯಿರಿ, ಮುಂದಿನ ಗುಂಡಿಯ ಸಣ್ಣ ತಂತಿಗಳದ್ದು ಹತ್ತಿರದಿಂದ ಇನ್ನೊಂದು. ಗ್ರಾಫಿಕ್ಸ್ ಕಾರ್ಡಿದ್ದರೆ ಸ್ಲಾಟಿನ ಹಿಂದಿನ ಕೊಕ್ಕೆ ಒತ್ತಿಯೇ ಎಳೆಯಬೇಕು. 24 ಪಿನ್ನಿನ ಕನೆಕ್ಟರನ್ನು ತಂತಿ ಹಿಡಿದು ಎಳೆಯದೆ, ಕ್ಲಿಪ್ ಒತ್ತಿ ಆಚೀಚೆ ಅಲುಗಿಸುತ್ತ ಮೇಲಕ್ಕೆತ್ತಿ. ಸ್ಕ್ರೂಗಳನ್ನು ಬಿಚ್ಚಿದ ಮೇಲೆ ಬೋರ್ಡನ್ನು ಸ್ವಲ್ಪ ಮುಂದಕ್ಕೆ ಜರುಗಿಸಿ, ಹಿಂದಿನ ಪೋರ್ಟುಗಳು ತಗಡಿನಿಂದ ಬಿಡಿಸಿಕೊಂಡ ಮೇಲೆ ಎತ್ತಿ.

ಕೂಲರ್ ತೆಗೆಯುವಾಗ ಎಎಂ4ನವರು ಒಂದು ವಿಷಯ ನೆನಪಿಡಬೇಕು. ಅದರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿರುತ್ತವೆ, ಒಣಗಿದ ಪೇಸ್ಟು ಗೋಂದಿನಂತೆ ಹಿಡಿದಿರುತ್ತದೆ. ನೇರ ಮೇಲೆ ಎಳೆದರೆ ಸನ್ನೆ ಲಾಕ್ ಆಗಿರುವಾಗಲೇ ಪ್ರೊಸೆಸರ್ ಕಿತ್ತು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಬೋರ್ಡಿಗೆ ಜೀವವಿದ್ದರೆ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಇಲ್ಲದಿದ್ದರೆ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ಬಿಡಿಸಿ. ಇಂಟೆಲ್‌ನ ಕೂಲರಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಬಾಣದ ಗುರುತಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆಳೆದರೆ ಆಯಿತು.

ಸಾಕೆಟ್ಟಿನ ಹತ್ತಿರ ಮೆಲ್ಲಗೆ

ಇಡೀ ಕೆಲಸದಲ್ಲಿ ತಿದ್ದಲಾಗದ ತಪ್ಪು ನಡೆಯುವುದು ಇಲ್ಲಿ. ಇಂಟೆಲ್ ಬೋರ್ಡಿನ ಸಾಕೆಟ್ಟಿಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸಾವಿರಕ್ಕೂ ಹೆಚ್ಚು ಸಪೂರ ಪಿನ್ನುಗಳು, ಗಾಳಿಗೆ ಒಂದೇ ಕಡೆ ಬಾಗಿದ ಭತ್ತದ ಪೈರಿನಂತೆ, ಸಾಲಾಗಿ ಮಿನುಗುತ್ತವೆ. ಒಂದು ಪಿನ್ ಬಾಗಿದ್ದರೂ ಆ ಸಾಲಿನ ಹೊಳಪು ಅಲ್ಲಿ ಮುರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಹೊಸ ಬೋರ್ಡನ್ನು ಅಂಗಡಿಯಲ್ಲೇ ತೆರೆಸಿ ಹೀಗೆ ನೋಡಿ ತನ್ನಿ. ಮನೆಗೆ ತಂದ ಮೇಲೆ ಬಾಗಿದ ಪಿನ್ನಿಗೆ ವಾರಂಟಿ ಇಲ್ಲ.

ಸನ್ನೆ ಬಿಡಿಸಿ ಲೋಹದ ಚೌಕಟ್ಟು ಎತ್ತಿ. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ಮೂಲೆಯ ಬಂಗಾರದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ, ಬದಿಯ ಕಚ್ಚುಗಳನ್ನು ಉಬ್ಬುಗಳಿಗೆ ಹೊಂದಿಸಿ, ನೇರ ಕೆಳಗೆ ಇಳಿಸಿ ಬಿಡಿ. ಒತ್ತಬಾರದು, ಜಾರಿಸಬಾರದು. ಕಪ್ಪು ಪ್ಲಾಸ್ಟಿಕ್ ಮುಚ್ಚಳ ಚೌಕಟ್ಟಿನಲ್ಲೇ ಇರಲಿ, ಸನ್ನೆ ಇಳಿಸುವಾಗ ತಾನೇ ಚಿಮ್ಮಿ ಬರುತ್ತದೆ. ಸನ್ನೆ ಇಳಿಸಲು ಬಲ ಬೇಕು, ಕಿರ್ ಎಂಬ ಸದ್ದೂ ಬರುತ್ತದೆ, ಅದು ಸಹಜ.

ಹಳೆ ಪೇಸ್ಟನ್ನು ಆಲ್ಕೋಹಾಲಿನಿಂದ ಪ್ರೊಸೆಸರ್, ಕೂಲರ್ ಎರಡರಿಂದಲೂ ಪೂರ್ತಿ ಒರೆಸಿ. ಹೊಸದು ನಡುವಿನಲ್ಲಿ ಒಂದು ಬಟಾಣಿ ಕಾಳಿನಷ್ಟು ಸಾಕು, ಕೂಲರಿನ ಭಾರಕ್ಕೆ ತಾನೇ ಹರಡುತ್ತದೆ. ಇಂಟೆಲ್ ಕೂಲರಿನ ಕಾಲುಗಳನ್ನು ಮೂಲೆಯಿಂದ ಮೂಲೆಗೆ, ಎದುರುಬದುರಾಗಿ ಒತ್ತಿ. ಪ್ರತಿಯೊಂದೂ ಟಕ್ ಎನ್ನಬೇಕು. ಬೋರ್ಡನ್ನು ತಿರುಗಿಸಿ ನೋಡಿದರೆ ನಾಲ್ಕು ಕಡೆಯೂ ಬಿಳಿ ಕಾಲಿನ ಸೀಳಿನ ನಡುವೆ ಕಪ್ಪು ಮೊಳೆ ಇಳಿದಿರಬೇಕು. ಒಂದು ಕಾಲು ಸರಿಯಾಗಿ ಕೂರದಿದ್ದರೂ ಕಂಪ್ಯೂಟರ್ ಚಾಲೂ ಆಗುತ್ತದೆ, ಸ್ವಲ್ಪ ಹೊತ್ತಿಗೆ ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಕೂಲರಿನ ತಂತಿಯನ್ನು ಸಿಪಿಯು ಫ್ಯಾನ್ ಎಂದು ಬರೆದ ಪಿನ್ನಿಗೇ ಹಾಕಿ.

ಕ್ಯಾಬಿನೆಟ್ಟಿಗೆ ಹಾಕುವ ಮೊದಲು ಒಮ್ಮೆ ಹೊರಗೆ

ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಬೆಳ್ಳಿ ಬಣ್ಣದ ಚೀಲದ ಮೇಲೆ ಬೇಡ, ಅದರ ಹೊರಮೈ ಕರೆಂಟು ಹರಿಯಗೊಡುತ್ತದೆ. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, 24 ಪಿನ್, ಸಿಪಿಯುವಿನ 4 ಅಥವಾ 8 ಪಿನ್, ಮಾನಿಟರ್ — ಇಷ್ಟೇ ಹಾಕಿ, ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣ ಮುಟ್ಟಿಸಿ. ಹೊಸ ಡಿಡಿಆರ್5 ಬೋರ್ಡುಗಳಲ್ಲಿ, ಮುಖ್ಯವಾಗಿ ಎಎಂ5ನಲ್ಲಿ, ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ರ‍್ಯಾಮಿನ ಹೊಂದಾಣಿಕೆ ನಡೆಯುತ್ತಿರುತ್ತದೆ. ಅವಸರಪಟ್ಟು ಆಫ್ ಮಾಡಬೇಡಿ.

ಪರದೆ ಬಾರದಿದ್ದರೆ ಪ್ರೊಸೆಸರಿನ ಹೆಸರು ನೋಡಿ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂ4 ರೈಜೆನ್‌ನಲ್ಲಿ ಜಿ ಇಲ್ಲದವಕ್ಕೂ ಸಾಮಾನ್ಯವಾಗಿ ಇಲ್ಲ. ಅಂಥದಕ್ಕೆ ಬೋರ್ಡಿನ ಎಚ್‌ಡಿಎಂಐಗೆ ಕೇಬಲ್ ಹಾಕಿ ಕಾದರೆ ಮರುದಿನವೂ ಏನೂ ಬಾರದು. ಗ್ರಾಫಿಕ್ಸ್ ಕಾರ್ಡೇ ಬೇಕು.

ಕ್ಯಾಬಿನೆಟ್ಟಿನೊಳಗೆ

ಮೊದಲು ಹಿಂಭಾಗದ ತಗಡು. ಹೊಸ ಬೋರ್ಡಿನ ಜೊತೆ ಬಂದದ್ದನ್ನು ಒಳಗಿನಿಂದ ಒತ್ತಿ ನಾಲ್ಕು ಮೂಲೆಗೂ ಕೂರಿಸಿ. ಅದರ ಸಣ್ಣ ನಾಲಿಗೆಗಳು ಯುಎಸ್‌ಬಿ, ಲ್ಯಾನ್ ಪೋರ್ಟಿನೊಳಗೆ ತೂರಿಕೊಂಡರೆ ಶಾರ್ಟ್ ಆಗುತ್ತದೆ, ಬೋರ್ಡು ಇಟ್ಟ ಮೇಲೆ ಹಿಂದಿನಿಂದ ನೋಡಿ.

ಆಮೇಲೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು, ಅಂದರೆ ಬೋರ್ಡು ಕ್ಯಾಬಿನೆಟ್ಟಿನ ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಸಣ್ಣ ಕಾಲುಗಳು. ಹೊಸ ಬೋರ್ಡಿನ ತೂತುಗಳನ್ನು ಎಣಿಸಿ. ಅಷ್ಟೇ ಸ್ಟ್ಯಾಂಡ್‌ಆಫ್, ಅದೇ ಜಾಗಗಳಲ್ಲಿ. ಹಳೆ ಬೋರ್ಡಿನ ಜಾಗದಲ್ಲಿ ಒಂದು ಹೆಚ್ಚಿಗೆ ಉಳಿದಿದ್ದರೆ ಅದು ಹೊಸ ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗುತ್ತದೆ. ಹೊರಗೆ ಚೆನ್ನಾಗಿ ಓಡಿದ ಬೋರ್ಡು ಒಳಗೆ ಹೋದ ಮೇಲೆ ಒಂದು ಸೆಕೆಂಡು ಎದ್ದು ಆರಿಹೋಯಿತು ಎಂದರೆ ಮೊದಲು ಇದನ್ನೇ ನೋಡಿ. ಸ್ಕ್ರೂಗಳನ್ನು ಎಲ್ಲ ಅರ್ಧ ಹಾಕಿ, ಆಮೇಲೆ ಒಂದೊಂದಾಗಿ ಬಿಗಿ ಮಾಡಿ. ಕಿತ್ತು ಹೋಗುವಷ್ಟು ಬೇಡ.

ಮುಂದಿನ ಗುಂಡಿಯ ಪಿನ್ನುಗಳು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಒಂಬತ್ತು, 10ನೆಯದರ ಜಾಗ ಖಾಲಿ. 1 ಮತ್ತು 3 ಹಾರ್ಡ್‌ಡಿಸ್ಕ್ ದೀಪ, 2 ಮತ್ತು 4 ಪವರ್ ದೀಪ, 5 ಮತ್ತು 7 ರಿಸೆಟ್, 6 ಮತ್ತು 8 ಪವರ್ ಗುಂಡಿ. ಗುಂಡಿಗಳಿಗೆ ಪ್ಲಸ್ ಮೈನಸ್ ಇಲ್ಲ. ದೀಪಗಳಿಗೆ ಇದೆ, ತಿರುವಿ ಹಾಕಿದರೆ ಉರಿಯುವುದಿಲ್ಲ ಅಷ್ಟೆ, ಹಾನಿಯೇನೂ ಇಲ್ಲ. ಯುಎಸ್‌ಬಿ ಮತ್ತು ಆಡಿಯೋ ಕನೆಕ್ಟರುಗಳು ನೋಡಲು ಒಂದೇ ತರ. ಯುಎಸ್‌ಬಿಗೆ 9ನೇ ಪಿನ್ ಇರುವುದಿಲ್ಲ, ಆಡಿಯೋಗೆ 8ನೆಯದು ಇರುವುದಿಲ್ಲ. ಬಲವಂತ ಮಾಡಿ ಅದಲುಬದಲು ಹಾಕಬೇಡಿ.

ಎರಡು ರ‍್ಯಾಮ್, ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ 2 ಮತ್ತು 4ಕ್ಕೆ ಹಾಕಿ.

ಬಯೋಸಿನಲ್ಲಿ

ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ. ಮೊದಲ ಕೆಲಸ ದಿನಾಂಕ, ಸಮಯ. ಅದು ತಪ್ಪಿದ್ದರೆ ಬ್ರೌಸರಿನಲ್ಲಿ ಯಾವ ಸುರಕ್ಷಿತ ಸೈಟೂ ತೆರೆಯುವುದಿಲ್ಲ, ತೊಂದರೆ ನೆಟ್ಟಿನದೆಂದು ತೋರುತ್ತದೆ. ಪ್ರತಿ ಸಲ ಗಡಿಯಾರ ಹಿಂದೆ ಹೋದರೆ ಸಿಆರ್2032 ಬದಲಾಯಿಸಿ. ಪ್ರೊಸೆಸರಿನ ಬಿಸಿ ನೋಡಿ. ಬಯೋಸಿನಲ್ಲಿ ಸುಮ್ಮನೆ ಕೂತಾಗಲೂ 80 ಡಿಗ್ರಿ ದಾಟಿ ಏರುತ್ತಿದ್ದರೆ ಕೂಲರ್ ಕೂತಿಲ್ಲ.

ಹಳೆ ವಿಂಡೋಸ್ ಇರುವ ಡಿಸ್ಕು ಬೂಟ್ ಪಟ್ಟಿಯಲ್ಲಿ ಕಾಣದಿದ್ದರೆ ಅದು ಲೆಗಸಿ ಎಂಬ ಹಳೆ ಬೂಟ್ ವಿಧಾನದಲ್ಲಿ ಹಾಕಿದ, ಎಂಬಿಆರ್ ಎಂಬ ಹಳೆ ವಿಭಜನೆಯ ಡಿಸ್ಕು ಇರಬಹುದು. ಬಯೋಸಿನಲ್ಲಿ ಆ ಹಳೆ ವಿಧಾನಕ್ಕೆ ಅವಕಾಶ ಕೊಡುವ ಸಿಎಸ್‌ಎಂ ಆಯ್ಕೆ ಇದ್ದರೆ ಚಾಲೂ ಮಾಡಿ. ಹೊಸ ಬೋರ್ಡುಗಳಲ್ಲಿ ಅದು ಇರದೆಯೂ ಇರಬಹುದು. ಆಗ ವಿಂಡೋಸ್ 10, 11ರ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಕಮಾಂಡ್ ಪ್ರಾಂಪ್ಟಿಗೆ ಹೋಗಿ, ಎಂಬಿಆರ್2ಜಿಪಿಟಿ ಎಂಬ ಮೈಕ್ರೋಸಾಫ್ಟಿನದೇ ಸಾಧನದಿಂದ ಡಿಸ್ಕನ್ನು ಹೊಸ ಜಿಪಿಟಿ ವಿಭಜನೆಗೆ ಬದಲಾಯಿಸಬಹುದು. ಫೈಲುಗಳು ಉಳಿಯುತ್ತವೆ, ಆದರೂ ನಕಲು ಇಟ್ಟುಕೊಂಡೇ ಮಾಡಿ.

ಡಿಸ್ಕು ಕಂಡು, ವಿಂಡೋಸ್ ಅರ್ಧಕ್ಕೆ ನೀಲಿ ಪರದೆ ತೋರಿಸಿ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದರೆ ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಬದಲಾಗಿದೆ. ಹಳೆ ಬೋರ್ಡಿನಲ್ಲಿ ಎಎಚ್‌ಸಿಐ ಇತ್ತೋ ರೇಡ್ ಇತ್ತೋ, ಅದನ್ನೇ ಹೊಸದರಲ್ಲೂ ಇಡಿ. 11ನೇ ತಲೆಮಾರಿನಿಂದ ಈಚೆಗಿನ ಇಂಟೆಲ್ ಬೋರ್ಡುಗಳಲ್ಲಿ ವಿಎಂಡಿ ಎಂಬ ಆಯ್ಕೆ ಚಾಲೂ ಇದ್ದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಡಿಯೇ ಕಾಣಿಸುವುದಿಲ್ಲ. ವಿಎಂಡಿ ಆಫ್ ಮಾಡಿ, ಇಲ್ಲವೇ ಪೆನ್‌ಡ್ರೈವಿನ ರಾಪಿಡ್ ಸ್ಟೋರೇಜ್ ಡ್ರೈವರನ್ನು ಲೋಡ್ ಡ್ರೈವರ್ ಗುಂಡಿಯಿಂದ ತೋರಿಸಿ.

ಎಎಂಡಿ ಬೋರ್ಡಿಗೆ ಹಳೆ ಪ್ರೊಸೆಸರ್ ಹಾಕಿದಾಗ ಎಫ್‌ಟಿಪಿಎಂ (ಪ್ರೊಸೆಸರಿನೊಳಗೇ ಇರುವ ಟಿಪಿಎಂ) ರಿಸೆಟ್ ಮಾಡಲೇ ಎಂದು ವೈ, ಎನ್ ಕೇಳಬಹುದು. ಬಿಟ್‌ಲಾಕರ್ ಕೀ ಕೈಯಲ್ಲಿದ್ದರೆ ಮಾತ್ರ ವೈ.

ಡ್ರೈವರುಗಳು

ವಿಂಡೋಸ್ 10, 11 ಹಳೆ ಡಿಸ್ಕಿನಿಂದಲೇ ಹೊಸ ಬೋರ್ಡಿನಲ್ಲಿ ಏಳುವುದು ಹೆಚ್ಚು. ‘ಗೆಟಿಂಗ್ ಡಿವೈಸಸ್ ರೆಡಿ’ ಎಂದು ಹತ್ತು ಹದಿನೈದು ನಿಮಿಷ ಕೂರಬಹುದು, ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗಬಹುದು. ಕೈ ಕಟ್ಟಿ ಕೂರಿ. ಇಂಟೆಲ್‌ನಿಂದ ಇಂಟೆಲ್‌ಗೆ ಹೋದರೆ ಹಾಗೆಯೇ ಮುಂದುವರಿಸಬಹುದು. ಇಂಟೆಲ್‌ನಿಂದ ಎಎಂಡಿಗೆ ಹೋದರೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಒಳ್ಳೆಯದು, ಆರು ತಿಂಗಳ ಮೇಲಿನ ತಲೆನೋವು ಈಗಲೇ ಮುಗಿಯುತ್ತದೆ. ವಿಂಡೋಸ್ 7 ಆದರೆ ಪ್ರಯತ್ನವೇ ಬೇಡ: 6ನೇ ತಲೆಮಾರಿನಿಂದ ಈಚೆಗೆ ಅದರ ಇನ್‌ಸ್ಟಾಲರಿಗೆ ಯುಎಸ್‌ಬಿ ಡ್ರೈವರೇ ಇಲ್ಲ, ಕೀಬೋರ್ಡು ಮೌಸು ಎರಡೂ ಸುಮ್ಮನಾಗುತ್ತವೆ.

ಮೊದಲು ಚಿಪ್‌ಸೆಟ್ ಡ್ರೈವರ್, ರೀಸ್ಟಾರ್ಟ್. ಬೋರ್ಡಿನಲ್ಲಿ ಏನೇನಿದೆ ಎಂದು ವಿಂಡೋಸ್‌ಗೆ ಪರಿಚಯ ಮಾಡಿಸುವುದು ಅದು. ಅದಿಲ್ಲದೆ ಹಾಕಿದ ಬೇರೆ ಡ್ರೈವರುಗಳು ಅರ್ಧಂಬರ್ಧ ಕೂರುತ್ತವೆ. ಎರಡನೆಯದು ಲ್ಯಾನ್ ಅಥವಾ ವೈಫೈ. ಹೊಸ ಬೋರ್ಡುಗಳ 2.5 ಗಿಗಾಬಿಟ್ ಲ್ಯಾನ್ ಚಿಪ್ಪು — ರಿಯಲ್‌ಟೆಕ್ 8125, ಇಂಟೆಲ್ ಐ225, ಐ226 — ಹಳೆ ವಿಂಡೋಸ್ ಪೆನ್‌ಡ್ರೈವಿಗೆ ಗೊತ್ತಿರುವುದಿಲ್ಲ. ಲ್ಯಾನ್ ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ಟಿಗೆ ಲ್ಯಾನ್ ಡ್ರೈವರ್ ಬೇಕು. ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಮರೆತಿದ್ದರೆ ಆ್ಯಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆಥರಿಂಗ್ ಹಾಕಿ. ವಿಂಡೋಸ್ 10, 11ಕ್ಕೆ ಅದಕ್ಕೆ ಬೇರೆ ಡ್ರೈವರ್ ಬೇಡ.

ಮೂರನೆಯದು ಗ್ರಾಫಿಕ್ಸ್. ಅಕ್ಷರಗಳು ದಪ್ಪಗಾಗಿ, ಚಿತ್ರ ಅಡ್ಡಕ್ಕೆ ಎಳೆದಂತೆ ಕಂಡರೆ ವಿಂಡೋಸ್ ತನ್ನ ಬೇಸಿಕ್ ಡಿಸ್‌ಪ್ಲೇ ಡ್ರೈವರಿನಲ್ಲಿ ಓಡುತ್ತಿದೆ ಎಂದು ಅರ್ಥ. ಕೊನೆಗೆ ಆಡಿಯೋ. ಅದು ಹಾಕಿದ ಮೇಲೂ ಸದ್ದು ಬಾರದಿದ್ದರೆ ಗಡಿಯಾರದ ಪಕ್ಕದ ಸ್ಪೀಕರ್ ಚಿಹ್ನೆ ಒತ್ತಿ ನೋಡಿ, ಎಚ್‌ಡಿಎಂಐ ಮಾನಿಟರೇ ಸ್ಪೀಕರೆಂದು ಆಯ್ಕೆಯಾಗಿರುತ್ತದೆ.

ಎಲ್ಲ ಆದ ಮೇಲೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತು ಉಳಿದಿದ್ದರೆ ಹೆಸರು ಓದಿ. ಎಸ್‌ಎಂ ಬಸ್ ಕಂಟ್ರೋಲರ್ ಎಂದರೆ ಚಿಪ್‌ಸೆಟ್ ಡ್ರೈವರ್ ಕೂತಿಲ್ಲ. ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್ ಎಂದರೆ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ ಡ್ರೈವರ್ ಬೇಕು. ಬರೇ ‘ಅನ್‌ನೋನ್ ಡಿವೈಸ್’ ಎಂದಿದ್ದರೆ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಗೆ ಹೋಗಿ. ಅಲ್ಲಿ ವಿಇಎನ್ ಎಂಬುದರ ಮುಂದಿನ ನಾಲ್ಕಕ್ಷರ ಕಂಪನಿಯ ಗುರುತು: 8086 ಇಂಟೆಲ್, 1022 ಎಎಂಡಿ, 10ಇಸಿ ರಿಯಲ್‌ಟೆಕ್, 10ಡಿಇ ಎನ್‌ವಿಡಿಯಾ. ಡಿಇವಿ ಎಂಬುದರ ಮುಂದಿನದು ಚಿಪ್ಪಿನ ಸಂಖ್ಯೆ. ಎರಡನ್ನೂ ಹುಡುಕಿದರೆ ಅದು ಯಾವ ಚಿಪ್ಪು ಎಂದು ತಿಳಿಯುತ್ತದೆ. ಡ್ರೈವರನ್ನು ಮಾತ್ರ ಬೋರ್ಡಿನ ಕಂಪನಿಯ ಪುಟದಿಂದಲೇ ಇಳಿಸಿ. ಒಂದೇ ಒತ್ತಿಗೆ ಎಲ್ಲ ಡ್ರೈವರ್ ಎನ್ನುವ ಸಾಫ್ಟ್‌ವೇರುಗಳು ಬೇಡವೇ ಬೇಡ. ಅವು ತರುವ ಜಾಹೀರಾತನ್ನು ತೆಗೆಯುವುದೇ ಮತ್ತೊಂದು ದಿನದ ಕೆಲಸ. ಸಾಧನದ ಪ್ರಾಪರ್ಟೀಸಿನಲ್ಲಿ ಎರರ್ ಕೋಡ್ 28 ಎಂದಿದ್ದರೆ ಡ್ರೈವರ್ ಇಲ್ಲ. 10 ಎಂದರೆ ಡ್ರೈವರ್ ಇದೆ, ಸಾಧನ ಎದ್ದಿಲ್ಲ.

ಆ್ಯಕ್ಟಿವೇಶನ್ ಹೋಗಿದ್ದರೆ ಸೆಟ್ಟಿಂಗ್ಸಿನ ಆ್ಯಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ, ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ’ ಎಂಬರ್ಥದ ಸಾಲನ್ನು ಆರಿಸಿ.

ಲಿನಕ್ಸಿನವರಿಗೆ ಈ ಭಾಗದ ಬಹುಪಾಲು ಅನ್ವಯಿಸದು. ನಮ್ಮ ಶಾಲೆಗಳ ಲ್ಯಾಬುಗಳಲ್ಲಿ ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಕೊಟ್ಟಿರುವ ಉಬುಂಟು ಮೂಲದ ಸಿಸ್ಟಮ್ಮಿನಲ್ಲಿ ಡ್ರೈವರುಗಳು ಕರ್ನಲ್‌ನೊಳಗೇ ಇರುವುದರಿಂದ, ಡಿಸ್ಕನ್ನು ಹೊಸ ಬೋರ್ಡಿಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ನೇರ ಏಳುತ್ತದೆ. ಲ್ಯಾನ್ ಕಾರ್ಡಿನ ಹೆಸರು ಬದಲಾಗಿರುತ್ತದೆ. ಕೈಯಿಂದ ಐಪಿ ವಿಳಾಸ ಕೊಟ್ಟಿದ್ದರೆ ಅದನ್ನು ಮತ್ತೆ ಕೊಡಬೇಕು. ಬೋರ್ಡು ತೀರ ಹೊಸದು, ಲಿನಕ್ಸ್ ತೀರ ಹಳೆಯದು ಎಂದಾದರೆ ಮಾತ್ರ ಲ್ಯಾನ್, ಗ್ರಾಫಿಕ್ಸ್ ಸಿಗದೇ ಹೋಗಬಹುದು.

ಹೊಸ ಬೋರ್ಡಿಗೂ ಅದೇ ಗತಿ ಆಗದಿರಲು

ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಅರ್ತಿಂಗ್ ಇಲ್ಲ. ಎಸ್‌ಎಂಪಿಎಸ್ಸಿನ ಫಿಲ್ಟರ್ ಕೆಪಾಸಿಟರುಗಳು ಅರ್ತ್ ಸಿಗದಾಗ ಲೋಹದ ಮೈಯನ್ನು ಸುಮಾರು 115 ವೋಲ್ಟಿನಲ್ಲಿ ತೇಲಿಸುತ್ತವೆ. ಕರೆಂಟು ಅತ್ಯಲ್ಪ, ಮನುಷ್ಯನಿಗೆ ಜುಮ್ ಅಷ್ಟೆ. ಆದರೆ ಆ ಸ್ಥಿತಿಯಲ್ಲಿ ಪ್ರಿಂಟರ್, ಲ್ಯಾನ್ ಕೇಬಲ್ ಸಿಕ್ಕಿಸುವಾಗ ಪೋರ್ಟುಗಳು ಹೋಗುತ್ತವೆ. ವಯರ್‌ಮ್ಯಾನ್ ಕರೆದು ಪ್ಲಗ್ ಪಾಯಿಂಟಿನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಅಳೆಸಿ, ಎರಡು ಮೂರು ವೋಲ್ಟಿಗಿಂತ ಹೆಚ್ಚು ಬರಬಾರದು. ನಮ್ಮ ಮುರಕಲ್ಲಿನ ನೆಲ ಮಾರ್ಚ್‌ ಹೊತ್ತಿಗೆ ಒಣಗಿ ಅರ್ತ್ ಗುಂಡಿಯ ಸಂಪರ್ಕ ಸಡಿಲವಾಗುತ್ತದೆ, ಮೊದಲ ಸಿಡಿಲು ಬರುವುದೂ ಅದರ ಬೆನ್ನಿಗೇ. ತೋಟಕ್ಕೆ ನೀರು ಬಿಡುವಾಗ ಆ ಗುಂಡಿಗೂ ಎರಡು ಕೊಡ ಹಾಕಿ.

ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ವಾರಕ್ಕೆರಡು ಸಲ ಅರ್ಧ ಗಂಟೆ ಕಂಪ್ಯೂಟರ್ ಓಡಿಸಿ, ಒಳಗಿನ ತೇವ ಆರುತ್ತದೆ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲನ್ನೂ ಕಿತ್ತು, ಅದರ ತುದಿ ಕ್ಯಾಬಿನೆಟ್ಟಿಗೆ ತಾಗದಂತೆ ಒಂದು ಮಾರು ದೂರ ಇಡಿ. ತಲೆಯ ಮೇಲೆ ಮಿಂಚುವಾಗ ಮುಟ್ಟಲು ಹೋಗಬೇಡಿ.

ಪ್ರೊಸೆಸರ್ ಹಾಕುವಾಗ ಚಿಮ್ಮಿ ಬಂದ ಕಪ್ಪು ಮುಚ್ಚಳವನ್ನು ಬಿಲ್ಲಿನ ಜೊತೆ ಬೋರ್ಡಿನ ಪೆಟ್ಟಿಗೆಯಲ್ಲೇ ಇಡಿ. ವಾರಂಟಿಗೆ ಕೊಡುವಾಗ ಸಾಕೆಟ್ಟಿನ ಮೇಲೆ ಅದು ಇರಬೇಕು.